ದಡದ ಮೇಲಿನ ಕ್ಯಾಮೆರಾ

2016ರ ನವೆಂಬರ್ 7ರಂದು ಬೆಂಗಳೂರಿಗೆ ಸಮೀಪದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರದ ಕ್ಲೈಮ್ಯಾಕ್ಸ್ ಚಿತ್ರೀಕರಣ ನಡೆಯುತ್ತಿತ್ತು. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕನಟ ವಿಜಯ್ ಬದುಕಿ ದಡ ಸೇರಿದರು. ಖಳನ ಪಾತ್ರಗಳಲ್ಲಿದ್ದ ಉದಯ್ ಮತ್ತು ಅನಿಲ್ ಮುಳುಗಿದರು. ಅವರಿಬ್ಬರೂ ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ಎನ್‌ಡಿಆರ್‌ಎಫ್ ಸಿಬ್ಬಂದಿಯೂ ಸೇರಿದಂತೆ ಹಲವರು ಹುಡುಕಿದ ಮೇಲೆ, ಮುಂದಿನ ದಿನಗಳಲ್ಲಿ ಶವಗಳು ಸಿಕ್ಕವು. ಚಿತ್ರತಂಡದ ಕೆಲವರ ಮೇಲೆ ಪ್ರಕರಣ ದಾಖಲಾಯಿತು. 2017ರ ಮೇ ತಿಂಗಳಲ್ಲಿ ಚಿತ್ರ ತೆರೆಕಂಡಿತು.

ಈ ಘಟನೆಯ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಓದಿ ಅಲ್ಲ, ನೋಡಿ. ಹೆಲಿಕಾಪ್ಟರ್, ಅದರಿಂದ ಉದುರಿದಂತೆ ಕಾಣುವ ಮೂರು ಆಕೃತಿಗಳು, ನೀರಿನ ಮೇಲೆ ಸ್ವಲ್ಪ ಹೊತ್ತು ಕಾಣುವ ತಲೆಗಳು, ಆಮೇಲೆ ಬರೀ ನೀರು. ಅಂದು ಸಂಜೆ ಎಷ್ಟೋ ಮನೆಗಳಲ್ಲಿ ಊಟದ ತಟ್ಟೆಯ ಎದುರಿಗೇ ಈ ದೃಶ್ಯ ಮತ್ತೆ ಮತ್ತೆ ಬಂದು ಹೋಯಿತು. ಅಪಘಾತದ ಚಿತ್ರೀಕರಣದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಒಂದೇ ಪ್ರಶ್ನೆಯಲ್ಲಿ ಮುಗಿದುಹೋಗುತ್ತದೆ: ಮೊಬೈಲು, ಕ್ಯಾಮೆರಾ ಕೆಳಗಿಟ್ಟು ಕೈ ಚಾಚಬಾರದಿತ್ತೆ? ರಸ್ತೆಯಲ್ಲಿ ಬಿದ್ದವನ ಸುತ್ತ ನಿಂತು ವಿಡಿಯೊ ಮಾಡುವವರಿಗೆ ಇದನ್ನು ಕೇಳಲೇಬೇಕು. ಅಲ್ಲಿ ಕೈಗೆ ಮಾಡಲು ಕೆಲಸವಿದೆ. ಗಾಯ ಒತ್ತಿ ಹಿಡಿಯಬಹುದು, ಆಟೊ ಕರೆಯಬಹುದು.

ಆಳದ ನೀರಿನ ಮುಂದೆ ಈ ಪ್ರಶ್ನೆ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಮುಳುಗುತ್ತಿರುವವನನ್ನು ಕಂಡು ತರಬೇತಿಯಿಲ್ಲದೆ ಧುಮುಕಿದವರು ತಾವೂ ಮುಳುಗಿದ ಸುದ್ದಿಯನ್ನು ನಮ್ಮ ಕೆರೆ, ಕಲ್ಲುಕ್ವಾರಿ, ನಾಲೆಗಳ ಊರಿನವರೆಲ್ಲ ಕೇಳಿಯೇ ಇರುತ್ತಾರೆ. ದಡದಲ್ಲಿ ನಿಂತವರ ಅಸಹಾಯಕತೆ ಅಲ್ಲಿ ನೆಪವಲ್ಲ, ನಿಜ. ಹಾಗಾದರೆ ಏನೂ ಮಾಡಲಾಗದೆ ನಿಂತ, ಆದರೆ ಕೈಯಲ್ಲಿ ಕ್ಯಾಮೆರಾ ಇರುವ ಮನುಷ್ಯನ ಹೊಣೆ ಯಾವುದು? ಈ ಬರಹ ಆ ಪ್ರಶ್ನೆಯ ಹಿಂದೆ ಹೋಗುತ್ತದೆ. ದಾಖಲಿಸುವುದು ಮತ್ತು ತೋರಿಸುವುದು ಎರಡು ಬೇರೆ ಕ್ರಿಯೆಗಳು, ಅವೆರಡಕ್ಕೂ ಬೇರೆ ಬೇರೆ ನೀತಿ ಬೇಕು ಎಂಬುದು ನನ್ನ ವಾದ. ನಮ್ಮ ಟಿ.ವಿ. ಮತ್ತು ಮೊಬೈಲು ಅವನ್ನು ಒಂದೇ ಗುಂಡಿಯ ಕೆಲಸ ಮಾಡಿಬಿಟ್ಟಿವೆ.

ತಿಪ್ಪಗೊಂಡನಹಳ್ಳಿಯ ದೃಶ್ಯವನ್ನೇ ನೋಡಿ. ಅದು ದಾಖಲಾಗಿರದಿದ್ದರೆ ಏನಾಗುತ್ತಿತ್ತು? ಸಾಹಸ ದೃಶ್ಯದ ವೇಳೆ ಅವಘಡ, ವಿಧಿಯಾಟ ಎಂಬ ಎರಡು ಸಾಲಿನಲ್ಲಿ ಸುದ್ದಿ ಮುಗಿಯುತ್ತಿತ್ತು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ, ಬಿದ್ದ ಕೂಡಲೇ ಮೇಲೆತ್ತುವ ಏರ್ಪಾಡು ಹತ್ತಿರ ಇರಲಿಲ್ಲ ಎಂಬುದನ್ನು ಯಾರೂ ಅಲ್ಲಗಳೆಯದಂತೆ ಮಾಡಿದ್ದು ಕ್ಯಾಮೆರಾ. ಆ ಅರ್ಥದಲ್ಲಿ ಅದು ಸತ್ತವರ ಪರವಾಗಿ ಉಳಿದ ಸಾಕ್ಷಿ. ಚಿತ್ರೀಕರಿಸಿದ್ದೇ ತಪ್ಪು ಎನ್ನುವವರು ಈ ಸಾಕ್ಷಿಯನ್ನೂ ಕಳೆದುಕೊಳ್ಳಲು ಸಿದ್ಧರಿರಬೇಕು. ನಾನು ಸಿದ್ಧನಿಲ್ಲ.

ಆದರೆ ಅಲ್ಲಿದ್ದ ಕ್ಯಾಮೆರಾ ಬರೀ ಸಾಕ್ಷಿಯಾಗಿರಲಿಲ್ಲ. ಅವರು ಹಾರಿದ್ದೇ ಕ್ಯಾಮೆರಾಕ್ಕಾಗಿ. ಇನ್ನೊಂದು ವಿವರ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಹಾರುವ ಮುನ್ನ ಆ ನಟರು ಟಿ.ವಿ.ಯವರೊಂದಿಗೆ ಮಾತನಾಡಿದ್ದರು. ಈಜಿನಲ್ಲಿ ತಾವು ಅಷ್ಟೇನೂ ಪಳಗಿದವರಲ್ಲ ಎಂಬುದು ಆ ಮಾತಿನಲ್ಲಿತ್ತು. ಅದು ಸ್ಪಷ್ಟವಾದ ಎಚ್ಚರಿಕೆ. ಸಿನಿಮಾ ಪ್ರಚಾರದ ವ್ಯಾಕರಣದಲ್ಲಿ ಮಾತ್ರ ಅಂಥ ಮಾತು ‘ರೋಮಾಂಚನ’ ಎಂಬ ಖಾನೆಗೆ ಬೀಳುತ್ತದೆ. ಹೆದರಿಕೆಯಿದ್ದರೂ ಹಾರುತ್ತಾರಂತೆ, ಎಂಥ ಧೈರ್ಯ ಎಂಬ ಮೆಚ್ಚುಗೆಯಾಗುತ್ತದೆ. ಇಬ್ಬರೂ ಸತ್ತ ಮೇಲೆ ಅದೇ ತುಣುಕು ದುರಂತದ ಮುನ್ಸೂಚನೆಯಾಗಿ ಪ್ರಸಾರವಾಯಿತು. ಹಾರುವ ಮೊದಲು ಆ ಮಾತಿಗೆ ಒಂದು ಅರ್ಥ, ಶವ ಸಿಕ್ಕ ಮೇಲೆ ಇನ್ನೊಂದು. ಎರಡೂ ಸಲ ಮಾತು ಪ್ರೇಕ್ಷಕರಿಗೆ ತಲುಪಿತು. ‘ಹಾಗಾದರೆ ಹಾರಬೇಡಿ’ ಎನ್ನಬಹುದಾಗಿದ್ದ ಒಬ್ಬರಿಗಾದರೂ ಮೊದಲ ಸಲವೇ ತಲುಪಬೇಕಿತ್ತು.

ನೀರಿನ ಸಾವಿನ ದೃಶ್ಯಕ್ಕೆ ಇನ್ನೊಂದು ವಿಚಿತ್ರ ಗುಣವಿದೆ. ಅದರಲ್ಲಿ ರಕ್ತವಿಲ್ಲ. ಅಪಘಾತ, ಸಾವು, ಹಿಂಸೆಯ ದೃಶ್ಯಗಳನ್ನು ಹಸಿಹಸಿಯಾಗಿ ತೋರಿಸಬಾರದೆಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2023ರ ಜನವರಿ 9ರಂದು ಚಾನೆಲ್‌ಗಳಿಗೆ ಸಲಹಾ ಸೂಚನೆ ಹೊರಡಿಸಿತು. ಗಾಯ, ಶವ, ರಕ್ತಗಳನ್ನು ಮಸುಕು ಮಾಡದೆ ತೋರಿಸುವುದರ ಬಗ್ಗೆ ಅದರಲ್ಲಿ ಆಕ್ಷೇಪವಿತ್ತು. ಒಳ್ಳೆಯದೇ. ಆದರೆ ಜಲಾಶಯದ ದೃಶ್ಯದಲ್ಲಿ ಮಸುಕು ಮಾಡಲು ಏನಿದೆ? ದೂರದಲ್ಲಿ ಎರಡು ಚುಕ್ಕೆಗಳು, ಆಮೇಲೆ ಅವೂ ಇಲ್ಲ. ಕಣ್ಣಿಗೆ ಅಸಹ್ಯವಾಗುವುದು ಏನೂ ಇಲ್ಲದ ಕಾರಣ ಎಷ್ಟು ಸಲ ಬೇಕಾದರೂ ತಿರುಗಿಸಬಹುದು. ರಕ್ತದ ದೃಶ್ಯ ನೋಡುವವನನ್ನು ಹಿಂದಕ್ಕೆ ತಳ್ಳುತ್ತದೆ. ಈ ದೃಶ್ಯವಾದರೆ ಹತ್ತಿರ ಕರೆದು, ‘ಇಗೋ ಈಗ ಮುಳುಗುತ್ತಾನೆ’ ಎಂದು ಕಾಯುವಂತೆ ಮಾಡುತ್ತದೆ. ಹೀಗೆ ಕಾಯುವ ಪ್ರೇಕ್ಷಕನನ್ನು ಯಾವ ನಿಯಮವೂ ತಡೆಯುವುದಿಲ್ಲ.

ಸೂಸನ್ ಸೊಂಟಾಗ್ 2003ರಲ್ಲಿ ಪ್ರಕಟಿಸಿದ, ಪರರ ನೋವನ್ನು ನೋಡುವುದರ ಕುರಿತ ಪುಸ್ತಕದಲ್ಲಿ ಒಂದು ಕಠಿಣ ಮಾತು ಹೇಳುತ್ತಾರೆ. ವಿಪರೀತ ಯಾತನೆಯ ನಿಜಚಿತ್ರಗಳನ್ನು ನೋಡುವ ಹಕ್ಕು ಬಹುಶಃ ಅದನ್ನು ಶಮನ ಮಾಡಬಲ್ಲವರಿಗೆ ಅಥವಾ ಅದರಿಂದ ಕಲಿಯಬಲ್ಲವರಿಗೆ ಮಾತ್ರ ಇದೆ, ಉಳಿದ ನಾವೆಲ್ಲ ಇಣುಕುವವರು ಎಂಬುದು ಅದರ ತಾತ್ಪರ್ಯ. ಈ ಮಾತು ನನಗೆ ಒಪ್ಪಿಗೆ. ಆದರೆ ಅದು ನೋಡುವವರನ್ನು ಎರಡು ಗುಂಪು ಮಾಡುವಾಗ ಮೂರನೆಯವರು ಬಿಟ್ಟುಹೋಗುತ್ತಾರೆ. ಶಮನ ಮಾಡಲೂ ಆಗದ, ಕಲಿಯಲೂ ಬಯಸದ, ಹಾಗಂತ ಇಣುಕುವವರೆಂದೂ ಕರೆಯಲಾಗದ ಸತ್ತವರ ಮನೆಯವರು ಎಲ್ಲಿ ನಿಲ್ಲಬೇಕು?

ಈ ಮೂರನೆಯವರ ಬಗ್ಗೆ ನಮ್ಮ ಕಥಾಪರಂಪರೆ ಯೋಚಿಸಿದೆ. ಟಿ.ವಿ. ನೇರಪ್ರಸಾರದ ಮಾತು ಬಂದಾಗಲೆಲ್ಲ ಸಂಜಯನನ್ನು ತಮಾಷೆಗೆ ಎಳೆದು ತರುವುದು ರೂಢಿ. ಆದರೆ ಸಂಜಯನಿಗೆ ದಿವ್ಯದೃಷ್ಟಿ ಸಿಕ್ಕಿದ್ದು ಹೇಗೆಂಬುದನ್ನು ಮರೆಯುತ್ತೇವೆ. ಭೀಷ್ಮಪರ್ವದ ಆರಂಭದಲ್ಲಿ ವ್ಯಾಸರು ಧೃತರಾಷ್ಟ್ರನಿಗೇ ಕಣ್ಣು ಕೊಡಲು ಮುಂದಾಗುತ್ತಾರೆ. ಅವನು ಬೇಡವೆನ್ನುತ್ತಾನೆ. ತನ್ನವರು ಸಾಯುವುದನ್ನು ನೋಡಲಾರೆ, ಕೇಳಬಲ್ಲೆ ಎನ್ನುತ್ತಾನೆ. ದೃಷ್ಟಿ ಸಂಜಯನಿಗೆ ಹೋಗುವುದು ಆಮೇಲೆ. ಏನಾಯಿತೆಂದು ತಿಳಿಯುವ ಹಕ್ಕು ತಂದೆಗಿದೆ. ಅದನ್ನು ಕಣ್ಣಿನಿಂದ ತಿಳಿಯಬೇಕೋ ಕಿವಿಯಿಂದಲೋ ಎಂದು ಆರಿಸುವ ಹಕ್ಕೂ ಇದೆ. ಧೃತರಾಷ್ಟ್ರನ ತಪ್ಪುಗಳ ಪಟ್ಟಿ ಉದ್ದವಾದರೂ ಈ ಒಂದು ಆಯ್ಕೆಯಲ್ಲಿ ಅವನು ಬರೀ ತಂದೆ. 2016ರ ಆ ಸಂಜೆ ಇಂಥ ಆಯ್ಕೆಯನ್ನು ಯಾರ ಮನೆಯವರಿಗೂ ಯಾರೂ ಕೊಡಲಿಲ್ಲ.

ಈ ಆಯ್ಕೆ ಎಷ್ಟು ದೊಡ್ಡದೆಂಬುದು ಡೈವಿಂಗ್ ಲೋಕದ ಎರಡು ಘಟನೆಗಳಲ್ಲಿ ಕಾಣುತ್ತದೆ. ಈಜಿಪ್ಟಿನ ದಹಾಬ್ ಪಟ್ಟಣದ ಬಳಿಯ ‘ಬ್ಲೂ ಹೋಲ್’ ಎಂಬ ಸಮುದ್ರದ ಆಳಗುಂಡಿಯಲ್ಲಿ 2000ದ ಏಪ್ರಿಲ್ 28ರಂದು ಯೂರಿ ಲಿಪ್ಸ್ಕಿ ಎಂಬ ಡೈವರ್ ಸತ್ತರು. ಅವರ ಬಳಿಯಿದ್ದ ಕ್ಯಾಮೆರಾ ಕೊನೆಯವರೆಗೂ ಓಡುತ್ತಿತ್ತು. ಶವವನ್ನು ಮೇಲೆ ತಂದವರು ಅಲ್ಲಿನ ಹೆಸರಾಂತ ಡೈವರ್ ತಾರೆಕ್ ಒಮರ್. ಕ್ಯಾಮೆರಾ ಕೆಟ್ಟಿರಬಹುದೆಂದು ಊಹಿಸಿದ್ದರೂ ಅದು ಉಳಿದಿತ್ತು, ದೃಶ್ಯ ತಾಯಿಯ ಕೈ ಸೇರಿತು. ಆಕೆಯ ಬಳಿ ಅದು ಎಂದೆಂದಿಗೂ ಇರುತ್ತದಲ್ಲ ಎಂದು ಒಮರ್ ಮುಂದೆ ಸಂಕಟ ತೋಡಿಕೊಂಡರು. ಆ ದೃಶ್ಯ ಇವತ್ತು ಅಂತರ್ಜಾಲದಲ್ಲಿದೆ. ಆಳದಲ್ಲಿ ಸಾರಜನಕದ ಅಮಲು ಮನುಷ್ಯನ ವಿವೇಕವನ್ನು ಹೇಗೆ ಕೆಡಿಸುತ್ತದೆಂದು ಕಲಿಯಲು ಅದನ್ನು ನೋಡುವ ಡೈವರ್‌ಗಳಿದ್ದಾರೆ. ಒಬ್ಬ ಮನುಷ್ಯನ ಕೊನೆಯ ನಿಮಿಷ ಹೇಗಿರುತ್ತದೆಂಬ ಕುತೂಹಲಕ್ಕೆ ನೋಡುವವರು ಅವರಿಗಿಂತ ಎಷ್ಟೋ ಪಾಲು ಹೆಚ್ಚಿರಬೇಕು.

ಎರಡನೆಯದು ದಕ್ಷಿಣ ಆಫ್ರಿಕಾದ ‘ಬುಷ್‌ಮನ್ಸ್ ಹೋಲ್’ ಎಂಬ ನೀರು ತುಂಬಿದ ಗುಹೆಯದು. 1994ರ ಡಿಸೆಂಬರಿನಲ್ಲಿ ಡಿಯಾನ್ ಡ್ರೇಯರ್ ಎಂಬ ಇಪ್ಪತ್ತರ ಯುವಕ ಅಲ್ಲಿ ಸತ್ತಿದ್ದ. ಹತ್ತು ವರ್ಷದ ನಂತರ ಡೇವ್ ಶಾ ಎಂಬ ಆಸ್ಟ್ರೇಲಿಯಾದ ಡೈವರ್ 270 ಮೀಟರ್ ಆಳದಲ್ಲಿ ಆ ದೇಹವನ್ನು ಕಂಡರು, ಮೇಲೆ ತರುತ್ತೇನೆಂದು ಹೆತ್ತವರಿಗೆ ಮಾತು ಕೊಟ್ಟರು. 2005ರ ಜನವರಿ 8ರಂದು ತಲೆಗೆ ಕ್ಯಾಮೆರಾ ಕಟ್ಟಿಕೊಂಡು ಇಳಿದರು. ಅಸ್ಥಿಪಂಜರವಷ್ಟೇ ಉಳಿದಿರುತ್ತದೆಂದು ಊಹಿಸಿದ್ದ ದೇಹ ಚೀಲಕ್ಕೆ ಹಾಕುವಾಗ ತೇಲತೊಡಗಿತು. ದಾರಗಳು ಶಾ ಅವರ ದೀಪಕ್ಕೆ ಸುತ್ತಿಕೊಂಡವು. ಬಿಡಿಸಿಕೊಳ್ಳುವ ಶ್ರಮದಲ್ಲಿ ಉಸಿರಾಟ ಕೆಟ್ಟು ಅವರು ಅಲ್ಲೇ ಸತ್ತರು. ಗೆಳೆಯ ಡಾನ್ ಶರ್ಲಿ ಕೆಳಗೆ ಬೆಳಕು ಅಲುಗಾಡದೆ ನಿಂತಿರುವುದನ್ನು ಕಂಡರು. ಅವರ ಉಸಿರಾಟದ ಉಪಕರಣದ ನಿಯಂತ್ರಕವೂ ಒತ್ತಡಕ್ಕೆ ಒಡೆದಿತ್ತು. ಅವರು ಹಿಂದಿರುಗಿದರು. ದಾರಿಯಲ್ಲಿ ಸಿಕ್ಕ ಸಹಾಯಕ ಡೈವರ್‌ಗಳಿಗೆ ಸ್ಲೇಟಿನ ಮೇಲೆ, ಡೇವ್ ವಾಪಸ್ ಬರುವುದಿಲ್ಲ ಎಂದಷ್ಟೇ ಬರೆದು ತೋರಿಸಿದರು. ನಾಲ್ಕು ದಿನದ ಮೇಲೆ, ಹಗ್ಗಗಳನ್ನು ಎಳೆಯುವಾಗ, ಎರಡೂ ದೇಹಗಳು ಒಟ್ಟಿಗೆ ಮೇಲೆ ಬಂದವು. ಕ್ಯಾಮೆರಾವೂ ಬಂತು.

2020ರಲ್ಲಿ ಜೋನಾ ಮಲಾಕ್ ಮಾಡಿದ ಸಾಕ್ಷ್ಯಚಿತ್ರ ತನ್ನ ಹೆಸರನ್ನು ಆ ಸ್ಲೇಟಿನಿಂದ ಪಡೆದಿದೆ. ಶಾ ಹೇಗೆ ಸತ್ತರೆಂದು ನಿಖರವಾಗಿ ಗೊತ್ತಾಗಿದ್ದು ಕ್ಯಾಮೆರಾದಿಂದ. ಅದರಲ್ಲಿ ದಾಖಲಾದ ಉಸಿರಿನ ವೇಗದಿಂದ ಡೈವರ್‌ಗಳು ಕಲಿತದ್ದಿದೆ. ಆದರೂ ಚಿತ್ರದ ಹೆಸರಾಗಿ ಉಳಿದದ್ದು ಕ್ಯಾಮೆರಾ ಕಂಡದ್ದಲ್ಲ, ಸ್ಲೇಟು ಹೇಳಿದ್ದು. ಈ ಆಯ್ಕೆಯಲ್ಲಿ ನನಗೆ ಒಂದು ವಿವೇಕ ಕಾಣುತ್ತದೆ. ಗೊತ್ತಾಗಲೇಬೇಕಾದವರಿಗೆ, ಗೊತ್ತಾಗಲೇಬೇಕಾದಷ್ಟನ್ನು ಸ್ಲೇಟು ತಲುಪಿಸಿತು. ಕ್ಯಾಮೆರಾ ಕಂಡದ್ದು ಮೊದಲು ತಲುಪಿದ್ದು ಅರ್ಥಮಾಡಿಕೊಳ್ಳಬಲ್ಲ ಜೊತೆಗಾರರನ್ನು. ಲೋಕಕ್ಕೆ ಬಂದದ್ದು ಆಮೇಲೆ, ಸಂದರ್ಭದೊಂದಿಗೆ. ಲಿಪ್ಸ್ಕಿ ದೃಶ್ಯದ ಬದುಕು ಇದಕ್ಕೆ ತಿರುವುಮುರುವು. ದಾಖಲೆ ಎರಡೂ ಕಡೆ ಒಂದೇ ಬಗೆಯದು, ಅಂತರವಿರುವುದು ಅದು ಯಾರನ್ನು ಯಾವ ಕ್ರಮದಲ್ಲಿ ತಲುಪಿತು ಎಂಬಲ್ಲಿ.

ಹಾಗಂತ ಆ ಚಿತ್ರವೂ ನನ್ನನ್ನು ಪೂರ್ತಿ ಸಮಾಧಾನವಾಗಿ ಇರಲು ಬಿಡುವುದಿಲ್ಲ. ಗುಹೆಯ ಡೈವಿಂಗಿನಲ್ಲಿ ಒಂದು ಮೂಲನಿಯಮವಿದೆ: ಯಾರು ಬೇಕಾದರೂ, ಯಾವ ಕ್ಷಣದಲ್ಲಿ ಬೇಕಾದರೂ, ಕಾರಣ ಹೇಳದೆ ‘ಸಾಕು’ ಎಂದು ಹಿಂದಿರುಗಬಹುದು. ಶರ್ಲಿ ಬದುಕಿದ್ದು ಹಿಂದಿರುಗಿದ್ದಕ್ಕೆ. ಮೇಲೆ ಮಗನ ದೇಹಕ್ಕಾಗಿ ಹೆತ್ತವರು ಕಾಯುತ್ತಿರುವಾಗ, ಎಲ್ಲವೂ ಚಿತ್ರೀಕರಣವಾಗುತ್ತಿರುವಾಗ, ‘ಸಾಕು’ ಎನ್ನುವುದು ಎಷ್ಟು ಸುಲಭ? ಶಾ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಹೇಳಲಾರರು. ಆದರೆ ರಕ್ಷಣೆಯನ್ನು ಚಿತ್ರೀಕರಿಸುವುದರ ನೀತಿ ಸತ್ತವರ ಘನತೆಗೆ ಮಾತ್ರ ಸಂಬಂಧಿಸಿದ್ದಲ್ಲ. ನೀರಿಗೆ ಇಳಿಯುವ ಬದುಕಿರುವವನ ಹಿಂದಿರುಗುವ ಸ್ವಾತಂತ್ರ್ಯವೂ ಅದರೊಳಗಿದೆ.

ಈ ದೃಷ್ಟಿಯಿಂದ ನಾರ್ವೆಯ ಪ್ಲೂರಾ ಗುಹೆಯ ಪ್ರಕರಣ ಗಮನಾರ್ಹ. 2014ರ ಫೆಬ್ರವರಿಯಲ್ಲಿ ಫಿನ್ಲೆಂಡಿನ ಇಬ್ಬರು ಡೈವರ್‌ಗಳು ಅಲ್ಲಿ ಸತ್ತಾಗ, ದೇಹ ತರಲೆಂದು ಹೋದ ಬ್ರಿಟನ್ನಿನ ಪರಿಣತರು ಅಪಾಯ ಹೆಚ್ಚೆಂದು ಕೈಬಿಟ್ಟರು. ಪೊಲೀಸರು ಗುಹೆಗೆ ಇಳಿಯುವುದನ್ನೇ ನಿಷೇಧಿಸಿದರು. ಮುಂದಿನ ತಿಂಗಳು ಸತ್ತವರ ಗೆಳೆಯರು ಅನುಮತಿಯಿಲ್ಲದೆ, ಗುಟ್ಟಾಗಿ ಇಳಿದು ದೇಹಗಳನ್ನು ತಂದರು. ಹುವಾನ್ ರೇನಾ ಅವರ 2016ರ ಸಾಕ್ಷ್ಯಚಿತ್ರ ಈ ಗುಟ್ಟಿನ ಪಯಣದ್ದು. ಇಲ್ಲಿ ಚಿತ್ರೀಕರಣಕ್ಕೆ ಒಳಗಾದವರೇ ದುಃಖಿತರು, ಅವರೇ ರಕ್ಷಕರು, ಅವರೇ ನಿರೂಪಕರು. ನೋಡುವ ನಾವು ಅವರು ಕರೆದಷ್ಟು ದೂರ ಮಾತ್ರ ಹೋಗುತ್ತೇವೆ. ಬ್ರಿಟನ್ನಿನ ತಂಡ ‘ಬೇಡ’ ಎಂದು ವಾಪಸಾದದ್ದನ್ನು ಅವಮಾನ ಎಂದು ಕರೆಯಲು ಅಲ್ಲಿ ಯಾವ ಚಾನೆಲ್ಲೂ ಕಾಯುತ್ತಿರಲಿಲ್ಲ.

ಆ ಬ್ರಿಟನ್ ತಂಡದಲ್ಲಿದ್ದ ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂಥೆನ್ ಅವರೇ ನಾಲ್ಕು ವರ್ಷದ ನಂತರ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಸಿಕ್ಕಿಬಿದ್ದ ಹನ್ನೆರಡು ಹುಡುಗರನ್ನೂ ಅವರ ಕೋಚನ್ನೂ ಪತ್ತೆಹಚ್ಚಿದವರು. ಇಡೀ ಜಗತ್ತಿನ ಕ್ಯಾಮೆರಾಗಳು ಆ ಗುಹೆಯ ಬಾಯಿಗೆ ಬಂದು ನಿಂತಿದ್ದವು. ಹುಡುಗರನ್ನು ಹೊರತರುವ ದಿನ, 2018ರ ಜುಲೈ 8ರಂದು, ಅಧಿಕಾರಿಗಳು ಪತ್ರಕರ್ತರನ್ನು ಆ ಜಾಗದಿಂದ ಹೊರಗೆ ಕಳಿಸಿದರು. ಮೊದಲು ಹೊರಬಂದವರು ಯಾರೆಂಬುದನ್ನು ಹುಡುಗರ ತಂದೆತಾಯಿಗಳಿಗೂ ಆಗಲೇ ಹೇಳಲಿಲ್ಲ. ಒಳಗೆ ಇನ್ನೂ ಉಳಿದ ಮಕ್ಕಳ ಮನೆಯವರು ನೋಯಬಾರದೆಂಬುದು ಕಾರಣ.

ಈ ಕಾರ್ಯಾಚರಣೆಯ ಬಗ್ಗೆ 2021ರಲ್ಲಿ ಬಂದ ‘ದಿ ರೆಸ್ಕ್ಯೂ’ ಸಾಕ್ಷ್ಯಚಿತ್ರದ ನಿರ್ದೇಶಕರಾದ ಎಲಿಜಬೆತ್ ಚಾಯ್ ವಾಸರ್ಹೆಲಿ ಮತ್ತು ಜಿಮ್ಮಿ ಚಿನ್ ಅವರಿಗೆ ಥಾಯ್ ನೌಕಾಪಡೆಯವರು ಚಿತ್ರಿಸಿದ್ದ 87 ಗಂಟೆಗಳ ದೃಶ್ಯ ಸಿಕ್ಕಿತು. ಆದರೂ ಅವರು ಎದುರಿಸಿದ ದೊಡ್ಡ ಕೊರತೆಯೆಂದರೆ, ಅರಿವಳಿಕೆ ಕೊಟ್ಟ ಹುಡುಗರನ್ನು ನೀರಿನೊಳಗೆ ಸಾಗಿಸಿದ ಭಾಗದ ದೃಶ್ಯವೇ ಇಲ್ಲ. ಕ್ಯಾಮೆರಾ ಹಿಡಿಯಬಹುದಾಗಿದ್ದ ಕೈಗಳು ಮಕ್ಕಳನ್ನು ಹಿಡಿದಿದ್ದವು. ಅದೇ ಡೈವರ್‌ಗಳು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದ ನೀರಿನ ತೊಟ್ಟಿಯಲ್ಲಿ ತಮ್ಮ ಕೆಲಸವನ್ನು ಮತ್ತೆ ಮಾಡಿ ತೋರಿಸಿದರು. ಯಾವುದು ಅಂದಿನದು, ಯಾವುದು ಮರುಸೃಷ್ಟಿ ಎಂದು ನೋಡುವಾಗ ಸುಲಭವಾಗಿ ತಿಳಿಯದಿರುವುದು ಆ ಚಿತ್ರದ ದೋಷವೆಂದೇ ನನ್ನ ಎಣಿಕೆ. ಪ್ರೇಕ್ಷಕರಿಗೆ ಅದನ್ನು ತಿಳಿಸಿದ್ದರೆ ಚಿತ್ರದ ಬಿಗಿ ಕಡಿಮೆಯಾಗುತ್ತಿರಲಿಲ್ಲ, ನಂಬಿಕೆ ಹೆಚ್ಚುತ್ತಿತ್ತು. ಆದರೆ ಅದೇ ಗುಹೆಯಲ್ಲಿ ಗಾಳಿಯ ಸಿಲಿಂಡರ್‌ಗಳನ್ನು ಇಟ್ಟು ಬರುವಾಗ ತಾವೇ ಉಸಿರು ಕಳೆದುಕೊಂಡ, ಜುಲೈ 6ರಂದು ಸತ್ತ ಸಮನ್ ಕುನನ್ ಅವರನ್ನು ಚಿತ್ರ ನಡೆಸಿಕೊಂಡ ಬಗೆ ನನಗೆ ಮುಖ್ಯ. ಅವರ ಸಾವಿನ ಕ್ಷಣ ತೆರೆಯ ಮೇಲಿಲ್ಲ. ಅದು ಮಾತಿನಲ್ಲಿ ಬರುತ್ತದೆ. ಅದಕ್ಕಾಗಿ ನಮ್ಮ ದುಃಖವೇನೂ ಕಡಿಮೆಯಾಗುವುದಿಲ್ಲ.

ದಡದ ಕ್ಯಾಮೆರಾಕ್ಕೆ ನ್ಯಾಯವಾಗಿ ಸಲ್ಲಬೇಕಾದ ಒಂದು ಮಾತೂ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಕೇರಳದ ಚಾಲಕನೊಬ್ಬ ಲಾರಿ ಸಮೇತ ಕಾಣೆಯಾದ. ಮಲಯಾಳಂ ಚಾನೆಲ್‌ಗಳು ಗಂಗಾವಳಿ ನದಿಯ ದಡದಲ್ಲಿ ಬೀಡುಬಿಟ್ಟವು. ಸೆಪ್ಟೆಂಬರ್ 25ರಂದು ಲಾರಿ ಸಿಗುವವರೆಗೂ, ಬಿಡುವು ಕೊಟ್ಟು ಕೊಟ್ಟಾದರೂ, ಹುಡುಕಾಟ ಮುಂದುವರಿಯಿತು. ಸರ್ಕಾರಗಳು ಮರೆಯದಂತೆ ನೋಡಿಕೊಂಡದ್ದರಲ್ಲಿ ಆ ಕ್ಯಾಮೆರಾಗಳ ಪಾಲಿಲ್ಲ ಎನ್ನಲಾಗದು. ಮನೆಯವರೇ ಕ್ಯಾಮೆರಾ ಇರಲಿ ಎಂದು ಬಯಸುವ ಸಂದರ್ಭಗಳೂ ಇರುತ್ತವೆ. ಆದರೆ ಅದೇ ಕುಸಿತದಲ್ಲಿ ಹೆದ್ದಾರಿ ಬದಿಯ ಚಹಾ ಅಂಗಡಿಯ ಕುಟುಂಬವೂ ಸತ್ತಿತು, ಇತರ ಸ್ಥಳೀಯರೂ ಸತ್ತರು. ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ? ಇನ್ನೊಂದು, ಮಲ್ಪೆಯಿಂದ ಬಂದು ಆ ಕೆಂಪು ನೀರಿಗೆ ಇಳಿದ ಮುಳುಗು ತಜ್ಞ ಈಶ್ವರ ಮಲ್ಪೆ ಅವರಂಥವರು ಕ್ಯಾಮೆರಾದ ಎದುರು ಬಹುಬೇಗ ಕಥೆಯ ನಾಯಕರಾಗಿಬಿಡುತ್ತಾರೆ. ಮೆಚ್ಚುಗೆ ಅವರಿಗೆ ಸಲ್ಲಬೇಕಾದ್ದೇ. ಆದರೆ ನಾಯಕನಿಗೆ ‘ಇವತ್ತು ಸೆಳೆತ ಹೆಚ್ಚಿದೆ, ಇಳಿಯುವುದಿಲ್ಲ’ ಎನ್ನುವ ಹಕ್ಕು ಕಥೆಯಲ್ಲಿ ಇರುವುದಿಲ್ಲ. ನದಿಯಲ್ಲಿ ಇರಲೇಬೇಕು.

ಇವನ್ನೆಲ್ಲ ಒಟ್ಟಿಗೆ ಇಟ್ಟರೆ ನನಗೆ ಹೊಳೆಯುವ ನೀತಿ ಸರಳವಾದದ್ದು. ರಕ್ಷಣೆಗೆ ಅಡ್ಡ ಬರದಂತೆ, ಇಳಿಯುವವನ ಮೇಲೆ ಒತ್ತಡವಾಗದಷ್ಟು ದೂರದಿಂದ ದಾಖಲಿಸಿ. ದಾಖಲೆ ಮೊದಲು ತನಿಖೆಗೆ, ಆ ಕಸುಬಿನವರಿಗೆ ಹೋಗಲಿ. ಮನೆಯವರಿಗೆ ಸುದ್ದಿ ಮಾತಿನಲ್ಲಿ ತಲುಪಲಿ. ದೃಶ್ಯ ಬೇಕೋ ಬೇಡವೋ ಎಂದು ಅವರೇ ಹೇಳಲಿ. ಉಳಿದ ನಮಗೆ ಅದು ಕೊನೆಗೆ ಬಂದರೂ ಸಾಕು, ಬರದಿದ್ದರೂ ನಷ್ಟವಿಲ್ಲ. ತುರ್ತಿನ ಸುದ್ದಿಯ ಮಾರುಕಟ್ಟೆಯಲ್ಲಿ ಇದು ನಡೆಯುವ ಮಾತೇ ಎಂದು ಕೇಳಬಹುದು. ಥಾಮ್ ಲುವಾಂಗ್‌ನಲ್ಲಿ, ಜಗತ್ತಿನ ಅತಿ ದೊಡ್ಡ ಸುದ್ದಿಯ ನಡುವೆಯೇ, ಕೆಲವು ದಿನ ನಡೆಯಿತು.

‘ಮಾಸ್ತಿಗುಡಿ’ಯ ಆ ತುಣುಕುಗಳು ಈಗಲೂ ಹುಡುಕಿದರೆ ಸಿಗುತ್ತವೆ. ಸಿನಿಮಾ ಓದುವ ವಿದ್ಯಾರ್ಥಿಗಳಿಗೆ ನಾನು ಅವನ್ನು ತೋರಿಸಬೇಕಾಗಿ ಬಂದರೆ ಸಂದರ್ಶನದ ಭಾಗ ತೋರಿಸುತ್ತೇನೆ. ಈಜಿನ ಬಗ್ಗೆ ಅವರು ಆಡಿದ ಮಾತನ್ನು ಎರಡು ಸಲ ಕೇಳಿಸುತ್ತೇನೆ, ಇದನ್ನು ಕೇಳಿದ ನೀವು ಸೆಟ್ಟಿನಲ್ಲಿದ್ದರೆ ಯಾರ ಬಳಿ ಹೋಗಿ ಏನು ಹೇಳುತ್ತಿದ್ದಿರಿ ಎಂದು ಕೇಳುತ್ತೇನೆ. ಹೆಲಿಕಾಪ್ಟರ್ ಮೇಲೇರುವ ಮೊದಲೇ ನಿಲ್ಲಿಸುತ್ತೇನೆ. ಕಲಿಯಬೇಕಾದದ್ದು ಅಷ್ಟರಲ್ಲೇ ಮುಗಿದಿರುತ್ತದೆ.